ಎರಡೂಮುಕ್ಕಾಲು ಅಡಿಯ ಕಳ್ಳತನ

ಗಡಿ ಜಲ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಈ ತಿಂಗಳ ಕೊನೆಯ ಸಭೆಯಲ್ಲಿ ಪಕ್ಕದ ಸೀಮೆಯವರ ಜೊತೆಗಿನ ಜಂಟಿ ನೀರಿನ ಒಪ್ಪಂದವನ್ನು ಹರಿದುಹಾಕಿ, ಗಡಿಯುದ್ದಕ್ಕೂ ಒಂಬತ್ತು ಆಳದ ಕೊಳವೆ ಬಾವಿ ಕೊರೆಸಲು ಹೊರಟಿದ್ದೀರಿ. ಅವರು ನಮ್ಮ ನೆಲದಡಿಯ ನೀರು ಕದಿಯುತ್ತಿದ್ದಾರೆ ಎಂಬುದು ನಿಮ್ಮ ಕಾರಣ. ದಯವಿಟ್ಟು ಕೊರೆಸಬೇಡಿ. ಅವರು ಕದ್ದಿಲ್ಲ. ಕದ್ದಿದ್ದಾರೆಂದು ನಿಮ್ಮನ್ನು ನಂಬಿಸಿದ ಅಂಕಿಗಳನ್ನು ಬರೆದುಕೊಟ್ಟವರಲ್ಲಿ ನಾನೂ ಒಬ್ಬ. ಎರಡು ತಿಂಗಳಲ್ಲಿ ಮೂರು ಅರ್ಜಿ ಹಾಕಿ ಇದನ್ನೇ ತಿಳಿಸಿದೆ. ಒಂದಕ್ಕೆ ಮಾತ್ರ ಉತ್ತರ ಬಂತು: "ಅಳತೆಗಾರನ ಕೆಲಸ ಅಳೆಯುವುದು, ಅಭಿಪ್ರಾಯ ನೀಡುವುದಲ್ಲ." ಅಭಿಪ್ರಾಯಗಳು ನಿಮ್ಮ ಮೂರನೇ ಮಹಡಿಯಲ್ಲಿ ಮಾತ್ರ ತಯಾರಾಗುತ್ತವೆಂದು ನನಗೆ ತಿಳಿದಿರಲಿಲ್ಲ, ಕ್ಷಮೆಯಿರಲಿ. ಆದ್ದರಿಂದ ಈಗ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತು ವರ್ಷಗಳಿಂದ ನಾನು ನಿಮ್ಮ ವಿಭಾಗದ ಬಾವಿ ಅಳತೆಗಾರ. ಪ್ರತಿ ಸೋಮವಾರ ಬೆಳಿಗ್ಗೆ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುತ್ತೇನೆ. ಸುಣ್ಣ ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡಿದರೆ ನೀರು ಎಷ್ಟು ಆಳದಲ್ಲಿದೆಯೆಂದು ತಿಳಿಯುತ್ತದೆ. ಆ ಅಂಕಿಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಮೇಲೆ 'ಗೋಪ್ಯ' ಎಂಬ ಮುದ್ರೆಯೊತ್ತಿ ನಿಮಗೆ ಕಳಿಸುತ್ತೇನೆ. ಬೀದಿಯವರು ನನಗಿಟ್ಟ ಹೆಸರು 'ಪಾತಾಳ'. "ಪಾತಾಳ, ನೀರು ಎಲ್ಲಿಗೆ ಬಂತಪ್ಪಾ?" ಎಂದು ಕ್ಷೌರಿಕ ಕೇಳಿದರೆ ನಾನು ಕೆಮ್ಮುತ್ತಾ ಮುಂದೆ ಹೋಗಬೇಕು. ತಾನು ಕುಡಿಯುವ ನೀರು ಎಷ್ಟು ಆಳದಲ್ಲಿದೆ ಎಂಬುದು ಕುಡಿಯುವವನಿಗೆ ತಿಳಿಯಬಾರದ ರಹಸ್ಯವೇ? ತಿಳಿಯದ ಕಾರಣ ಏನಾಗಿದೆ ನೋಡಿ. ಅಗಸ ತನ್ನ ಮೋಟರನ್ನು ಹಗಲೆಲ್ಲ ಓಡಿಸುತ್ತಾನೆ, ಯಾಕೆಂದರೆ ಇಟ್ಟಿಗೆ ಗೂಡಿನವನು ಓಡಿಸುತ್ತಿರಬಹುದು. ಇಟ್ಟಿಗೆ ಗೂಡಿನವನು ಓಡಿಸುತ್ತಾನೆ, ಯಾಕೆಂದರೆ ಅಗಸ ಬಿಡುವವನಲ್ಲ. ನನ್ನ ಹೆಂಡತಿ ಹನ್ನೊಂದು ಕೊಡ ಸಾಲಾಗಿಟ್ಟು, ಉಸಿರಷ್ಟೇ ಬಿಡುವ ನಲ್ಲಿಯ ಮುಂದೆ ಕೂತಿರುತ್ತಾಳೆ.

ಇನ್ನು ನನ್ನ ತಂಗಿಯ ವಿಷಯ. ಅವಳನ್ನು ಪಕ್ಕದ ಸೀಮೆಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಅವಳ ಊರಿಗೂ ನಮ್ಮ ಊರಿಗೂ ನಡುವೆ ಒಂದು ಒಣ ಹಳ್ಳ, ಸಾಲು ಕಲ್ಲುಗಳು, ಅಷ್ಟೇ. ನೆಲದ ಮಟ್ಟ ಒಂದೇ, ಅಡಿಯ ನೀರೂ ಒಂದೇ. ಅವಳೂ ಅಲ್ಲಿ ಬಾವಿ ಅಳತೆಗಾರ್ತಿ. ಕೆಲಸ ನಾನೇ ಕಲಿಸಿದ್ದು. ಆದರೆ ಮೊನ್ನೆ ಮೊನ್ನೆಯವರೆಗಿನ ಅವಳ ಸೋಮವಾರಗಳನ್ನು ನೀವೊಮ್ಮೆ ನೋಡಬೇಕಿತ್ತು! ಅಳೆದವಳೇ ಮಾರುಕಟ್ಟೆಯ ಬಾಗಿಲಲ್ಲಿದ್ದ ಕಪ್ಪುಹಲಗೆಯ ಮೇಲೆ ಅಂಕಿ ಬರೆಯುತ್ತಿದ್ದಳು. ಅರ್ಧ ಗಡ್ಡ ಕೆರೆಸಿಕೊಂಡವರು ಎದ್ದು ಬಂದು ನೋಡುತ್ತಿದ್ದರು. ಅಂಕಿ ಹಲಗೆಯ ಮೇಲೆ ಕೆಂಪಿನಲ್ಲಿ ಬರೆದಿಟ್ಟ ಮಿತಿ ದಾಟಿದರೆ ಅಲ್ಲಿನ ಅಗಸರೂ ಇಟ್ಟಿಗೆಯವರೂ ಎರಡು ದಿನ ಮೋಟರು ನಿಲ್ಲಿಸುತ್ತಿದ್ದರು. ಪೊಲೀಸರು ಬೇಕಿರಲಿಲ್ಲ, ಹಲಗೆ ಸಾಕಿತ್ತು. ದಿನ ಬಿಟ್ಟು ದಿನ ಆರು ಗಂಟೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ತಂಗಿ ಬಂದರೆ ಜನ ಕುರ್ಚಿ ಬಿಟ್ಟುಕೊಡುತ್ತಿದ್ದರು. ಇಲಾಖೆಯವರು ಅವಳಿಗೆ ಒಂದು ಛತ್ರಿ ಕೊಟ್ಟಿದ್ದಾರೆ, ನೀಲಿ ಬಣ್ಣದ್ದು, ಮರದ ಹಿಡಿ. ನನಗೆ ನೀವು ಕೊಟ್ಟದ್ದು ಗೋಪ್ಯ ಮುದ್ರೆ. ಬಿಸಿಲಲ್ಲಿ ಅದನ್ನು ತಲೆಯ ಮೇಲೆ ಹಿಡಿದುಕೊಳ್ಳಲಾಗುವುದಿಲ್ಲ.

ಮುಚ್ಚುಮರೆ ಏಕೆ, ಆ ಛತ್ರಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಎತ್ತಿ ಆಡಿಸಿದ ಹುಡುಗಿ, ಟೇಪು ಸುತ್ತಲು ಬಾರದೆ ಬೆರಳು ಕುಯ್ದುಕೊಂಡವಳು, ಅವಳಿಗೆ ಕುರ್ಚಿ!

ಹನ್ನೊಂದು ವರ್ಷಗಳ ಹಿಂದೆ, ನಿಮಗೆ ನೆನಪಿರಬಹುದು, ನಮ್ಮ ಬಾವಿಯೊಂದಕ್ಕೆ ಆಡು ಬಿತ್ತು. ಪತ್ರಿಕೆಯಲ್ಲಿ ಆಡಿನ ಚಿತ್ರ ಬಂತು. ನಿಮ್ಮ ಕಚೇರಿ ಕೂಡಲೇ ಎಚ್ಚೆತ್ತು, ಒಬ್ಬನೇ ಗುತ್ತಿಗೆದಾರನಿಂದ, ಒಂದೇ ಅಚ್ಚಿನಲ್ಲಿ, ಅಳತೆಯ ಮೂವತ್ತೊಂದು ಬಾವಿಗಳಿಗೂ ಸುತ್ತುಕಟ್ಟೆ ಕಟ್ಟಿಸಿತು. ಒಳ್ಳೆಯ ಕೆಲಸ, ಆಮೇಲೆ ಒಂದು ಆಡೂ ಬಿದ್ದಿಲ್ಲ. ಕಟ್ಟೆಯೆದ್ದ ವಾರವೇ ನಮ್ಮ ಮೂವತ್ತೊಂದು ಬಾವಿಗಳ ನೀರೂ ಎರಡೂಮುಕ್ಕಾಲು ಅಡಿ ಕುಸಿಯಿತು. ಅವರ ಬಾವಿಗಳದ್ದು ಇದ್ದಲ್ಲೇ ಇತ್ತು. ಜಂಟಿ ಸಭೆಯಲ್ಲಿ ಎರಡೂ ಕಡೆಯ ಅಂಕಿಗಳನ್ನಿಟ್ಟು ನೋಡಿದ ನೀವು "ಕಳ್ಳರು" ಎಂದಿರಿ. ಅವರು "ಸುಳ್ಳರು" ಎಂದರು. ಮಳೆನೀರನ್ನು ಜೊತೆಯಾಗಿ ನೆಲಕ್ಕಿಳಿಸುವ ಯೋಜನೆ ಅಂದಿನಿಂದ ಕಡತದಲ್ಲಿ ಮಲಗಿದೆ. ಇಷ್ಟು ವರ್ಷ, ಇಷ್ಟು ಸಭೆ, ಇಷ್ಟೊಂದು ಚಹಾ, ಯಾರೊಬ್ಬರಾದರೂ ಬಾವಿಯ ಹತ್ತಿರ ಬಂದಿರಾ?

ಬಂದವಳು ತಂಗಿ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಗೆ ಬಂದಿದ್ದವಳು, ಸೋಮವಾರ ಸುಮ್ಮನಿರಲಾರದೆ ನನ್ನ ಜೊತೆ ಹೊರಟಳು. ನಾನು ಎಂದಿನಂತೆ ಕಟ್ಟೆ ಹತ್ತಿ ಕೂತು ಟೇಪು ಬಿಟ್ಟೆ.

"ಅಣ್ಣಾ, ನೀನು ಎಲ್ಲಿಂದ ಅಳೀತಿದ್ದೀಯಾ?"

"ಕಟ್ಟೆ ಮೇಲಿಂದ. ಇನ್ನೆಲ್ಲಿಂದ? ಬಾವಿ ಅಂಚಿಂದ ಅಳೀಬೇಕು ಅಂತ ಸುತ್ತೋಲೆ ಇದೆ."

"ನಾವು ನೆಲದಿಂದ ಅಳೀತೀವಿ. ಕಟ್ಟೆ ಕಟ್ಟಿರೋದು ನೀರಿಗೆ ಯಾರಾದ್ರೂ ಹೇಳಿದ್ರಾ?"

ಅಷ್ಟು ಹೇಳಿ ಪಕ್ಕೆ ಹಿಡಿದುಕೊಂಡು ನಕ್ಕಳು. ಆಮೇಲೆ ತನ್ನ ಟೇಪಿನಿಂದ ಕಟ್ಟೆಯ ಎತ್ತರ ಅಳೆದಳು: ಎರಡೂಮುಕ್ಕಾಲು ಅಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನಗು ನಿಲ್ಲಿಸಿ, "ನಾನು ಹೇಳಿದ್ರೆ ನಮ್ಮ ಕಡೆಯವರು ನಿನ್ನ ಮರ್ಯಾದೆ ತೆಗೀತಾರೆ. ನೀನೇ ನಿಮ್ಮ ಆಫೀಸಿಗೆ ಬರಿ" ಎಂದಳು. ಬರೆಯುತ್ತೇನೆ ಎಂದೆ.

ಬರೆಯಲಿಲ್ಲ. ನಾಲ್ಕು ವರ್ಷ ಬರೆಯಲಿಲ್ಲ, ಮಾನ್ಯರೇ. ನಿಮಗೆ ಹೆದರಿ ಅಲ್ಲ, ನಿಮಗೆ ಯಾರು ಹೆದರುತ್ತಾರೆ? ಅವರು ಕಳ್ಳರಾಗಿದ್ದರೆ ಅವಳ ಆರು ಗಂಟೆಯ ನಲ್ಲಿಯೂ, ಕುರ್ಚಿಯೂ, ನೀಲಿ ಛತ್ರಿಯೂ ಕದ್ದ ನೀರಿನದ್ದಾಗುತ್ತಿತ್ತು. ಅಳತೆ ಸಮ ಎಂದು ಒಪ್ಪಿದರೆ, ಅವರು ನಮ್ಮಷ್ಟೇ ನೀರಿನಲ್ಲಿ ನಮಗಿಂತ ಚೆನ್ನಾಗಿ ಬಾಳುತ್ತಿದ್ದಾರೆಂದು ಒಪ್ಪಬೇಕಿತ್ತು. ಅದು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಪ್ರತಿ ಸೋಮವಾರ ಕಟ್ಟೆ ಹತ್ತಿ, ತಿಳಿದೂ ತಿಳಿದೂ ತಪ್ಪು ಅಂಕಿ ಬರೆದು ಮುದ್ರೆಯೊತ್ತಿದೆ. ನನ್ನ ಅರ್ಜಿಯನ್ನು ಓದದ ನಿಮ್ಮ ಕಚೇರಿಗೂ ಇದೇ ಕಾಯಿಲೆ ಇರಬಹುದೆಂಬುದು ನನ್ನ ಅನುಮಾನ. ಅದು ಅಭಿಪ್ರಾಯವಾದ್ದರಿಂದ ಒತ್ತಾಯವಿಲ್ಲ.

ಎರಡು ತಿಂಗಳ ಹಿಂದೆ ನಿಮ್ಮವರು ಬಂದು ನನ್ನ ಬಾವಿಯಿಂದ ನಲವತ್ತು ಹೆಜ್ಜೆಯಲ್ಲಿ ಕೊಳವೆ ಬಾವಿಯ ಗುರುತಿಗೆ ಮೊದಲ ಗೂಟ ನೆಟ್ಟರು. ಆಗ ಎಚ್ಚರವಾಗಿ ಅರ್ಜಿ ಹಾಕತೊಡಗಿದೆ. ಕಳೆದ ವಾರ ತಂಗಿ ಫೋನು ಮಾಡಿದಳು. ನಿಮ್ಮ ಒಂಬತ್ತಕ್ಕೆ ಪ್ರತಿಯಾಗಿ ಅವರು ಹನ್ನೆರಡು ಕೊರೆಸುತ್ತಾರಂತೆ. ನಮಗೆ ಗುಟ್ಟು ಸಿಗಬಾರದೆಂದು ಮಾರುಕಟ್ಟೆಯ ಹಲಗೆಯನ್ನು ಕಿತ್ತು, ಅವಳ ಕೈಗೂ ಒಂದು ಗೋಪ್ಯ ಮುದ್ರೆ ಕೊಟ್ಟಿದ್ದಾರಂತೆ. ಅಲ್ಲಿಯ ಅಗಸರು ಆಗಲೇ ಹಗಲೆಲ್ಲ ಮೋಟರು ಓಡಿಸುತ್ತಿದ್ದಾರೆ.

"ನಾಲ್ಕು ವರ್ಷ ನಂಬ್ಕೊಂಡು ಬಂದೆ, ನಮ್ಮಣ್ಣ ಬರೆದಿದ್ದಾನೆ, ಅವರೇ ಕಿವಿಗೆ ಹಾಕ್ಕೊಂಡಿಲ್ಲ ಅಂತ. ನೀನು ಬರೆದೇ ಇರ್ಲಿಲ್ಲ ಅಲ್ವಾ ಅಣ್ಣಾ?"

ನಾನು ಕೆಮ್ಮಿದೆ. ಅವಳು ಫೋನು ಇಟ್ಟಳು. ಅವಳೂ ನನ್ನ ಹಾಗೆಯೇ ಆಗಲಿ ಎಂದು ಎಷ್ಟು ಸೋಮವಾರ ಬಯಸಿದ್ದೆನೋ. ಈಗ ಆಗಿದ್ದಾಳೆ. ಖುಷಿ ಮಾತ್ರ ಎಲ್ಲೂ ಕಾಣುತ್ತಿಲ್ಲ.

ನನ್ನ ಬೇಡಿಕೆ ಇಷ್ಟು. ಸಭೆಗೆ ಮುಂಚೆ ಬರುವ ಸೋಮವಾರ, ಆಚೆಯ ಅಧಿಕಾರಿಗಳನ್ನೂ ಕರೆದುಕೊಂಡು ನೀವೇ ನಮ್ಮ ಬಾವಿಗೆ ಬನ್ನಿ. ಅಂದೇ ಅವರದ್ದಕ್ಕೂ ಹೋಗೋಣ. ಎರಡನ್ನೂ ನೆಲದಿಂದ ಅಳೆದು, ಬಂದ ಅಂಕಿಯನ್ನು ಎರಡೂ ಮಾರುಕಟ್ಟೆಗಳ ಬಾಗಿಲಲ್ಲಿ ಬರೆಸಿ. ಗೂಟ ಕೀಳಿಸಿ. ಅವಳ ಹಲಗೆ ಅವಳಿಗೆ ವಾಪಸಾಗಲಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ಅದನ್ನೂ ಅಲ್ಲೇ, ಅವಳ ಎದುರೇ ಕೈಗೊಳ್ಳಿ.

ನೀವು ಬರಲಾರಿರಿ ಎಂಬ ಅನುಮಾನದಿಂದ ಇಂದು ನಾನೇ ಕಟ್ಟೆಯಿಂದಿಳಿದು, ನೆಲಕ್ಕೆ ಮೊಣಕಾಲೂರಿ ಅಳೆದೆ. ಅರವತ್ತೊಂದು ಅಡಿ. ತಂಗಿಯ ಹಲಗೆ ಕೀಳುವ ಮುನ್ನ ಅದರ ಮೇಲಿದ್ದ ಕೊನೆಯ ಅಂಕಿಯೂ ಅರವತ್ತೊಂದು. ಕಟ್ಟೆ ಕಟ್ಟುವ ಮೊದಲು ಎರಡೂ ಕಡೆ ನಲವತ್ತನಾಲ್ಕಿತ್ತು. ಎರಡೂಮುಕ್ಕಾಲು ಅಡಿಗೆ ನಾವು ಕಾದಾಡುತ್ತಿದ್ದಾಗ, ಇಬ್ಬರ ಕಾಲಡಿಯಿಂದಲೂ ಹದಿನೇಳು ಅಡಿ ನೀರು ಇಳಿದುಹೋಗಿದೆ.

ಇಂತಿ,
ತಂಗಿಯ ಛತ್ರಿಯನ್ನು ನೋಡುತ್ತಾ ಬಾವಿಯನ್ನು ನೋಡದೇ ಹೋದ,
ನಿಮ್ಮ ಅಳತೆಗಾರ 'ಪಾತಾಳ'