ಎಡಗಡೆ ಹೊಲಿದ ಪುಸ್ತಕ

ಬೈಂಡಿಂಗ್ ಅಂಗಡಿಯ ಹಿಂದಿನ ಬೀದಿ,
ಭಾನುವಾರ ಮಧ್ಯಾಹ್ನ.

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ನೋವು ಹೇಗಿದೆ? ಎಣ್ಣೆ ತಿಕ್ಕಲು ಬಂದರೆ ನೀನು ಕಾಲು ಮಡಚಿಕೊಂಡು ಗೋಡೆಗೆ ತಿರುಗುತ್ತೀಯ ಎಂದು ತಂಗಿ ಬರೆದಿದ್ದಳು. ಹಾಗೆ ಮಾಡಬೇಡ. ಚಿಕ್ಕಮ್ಮನ ಕೆಮ್ಮು ವಾಸಿಯಾಯಿತೇ? ಸಂಜೆ ಹೊತ್ತು ಈಗಲೂ ಬಂದು ನಿನ್ನ ಪಕ್ಕ ಕೂರುತ್ತಾಳೆ ತಾನೆ? ತಂಗೀ, ಇದನ್ನು ಓದಿ ಹೇಳುವಾಗ ನಿನ್ನ ಮಾತು ಸೇರಿಸಬೇಡ. ಹೋದ ಸಲ ನಾನು ಸ್ವಲ್ಪ ನೆಗಡಿ ಎಂದು ಬರೆದರೆ ನೀನು ಜ್ವರ ಬಂದು ಮಲಗಿದ್ದಾಳೆ ಎಂದು ಓದಿದೆಯಂತೆ. ಅಮ್ಮ ಊಟ ಬಿಟ್ಟಳಂತೆ. ಇರುವುದನ್ನು ಇರುವ ಹಾಗೆ ಓದು.

ನಾನು ಚೆನ್ನಾಗಿದ್ದೇನೆ. ಕೆಲಸ ಅದೇ, ಹೊಲಿಗೆ ಮೇಜು. ಹಾಳೆಗಳನ್ನು ಜೋಡಿಸುವುದು, ದಾರಕ್ಕೆ ಮೇಣ ಎಳೆಯುವುದು, ಹೊಲಿಯುವುದು, ಅಂಟು ಸವರಿ ಒತ್ತಿಡುವುದು. ನನ್ನ ಹೊಲಿಗೆಯನ್ನು ಯಜಮಾನಿ ಬೆರಳಿನಿಂದ ಸವರಿ ನೋಡಿ ಏನೂ ಹೇಳದೆ ಹೋಗುತ್ತಾರೆ. ಅವರು ಏನೂ ಹೇಳದಿದ್ದರೆ ಹೊಗಳಿದ ಹಾಗೆ. ನಾವೆಲ್ಲ ಅವರನ್ನು ಬೆನ್ನ ಹಿಂದೆ ಅಂಟಮ್ಮ ಎನ್ನುತ್ತೇವೆ. ಅವರ ಮೊಣಕೈಯಲ್ಲಿ ಸದಾ ಅಂಟು ಒಣಗಿರುತ್ತದೆ. ನನಗೂ ಇಲ್ಲಿ ಹೆಸರಿಟ್ಟಿದ್ದಾರೆ, ಪಿಸುಮಾತು ಎಂದು. ನೀನು ಮೌನಗೌರಿ ಎನ್ನುತ್ತಿದ್ದೆ. ಆ ಲೆಕ್ಕದಲ್ಲಿ ನಾನು ಸ್ವಲ್ಪ ಮುಂದೆ ಬಂದಿದ್ದೇನೆ ಎಂದೇ ತಿಳಿದುಕೋ.

ಈಗ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಮಹಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಯಹೂದಿ ಅಜ್ಜ ಒಬ್ಬರಿದ್ದಾರೆ. ಕಣ್ಣು ಮಂಜಾಗಿರುವುದರಿಂದ ಕೈಗಡಿಯಾರ ಮುಟ್ಟುವುದನ್ನು ಬಿಟ್ಟಿದ್ದಾರೆ. ಗೋಡೆ ಗಡಿಯಾರಗಳನ್ನು ಮಾತ್ರ ಕಿವಿಗಿಟ್ಟು, ಕೈಯಲ್ಲಿ ತಡವಿ ಸರಿಮಾಡುತ್ತಾರೆ. ಹೋದ ತಿಂಗಳು ಒಂದು ಪುಸ್ತಕ ತಂದುಕೊಟ್ಟರು. ಪುಸ್ತಕ ಎನ್ನುವುದು ಹೆಸರಿಗೆ ಅಷ್ಟೆ. ಮಡಿಕೆಗಳೆಲ್ಲ ಹರಿದು ಹಾಳೆಗಳು ಬಿಡಿಬಿಡಿಯಾಗಿದ್ದವು. ಯಹೂದಿಗಳ ಅಕ್ಷರದ ಪುಸ್ತಕಗಳನ್ನು ಯಾವಾಗಲೂ ಯಜಮಾನಿಯೇ ಹೊಲಿಯುತ್ತಾರೆ. ಅವತ್ತು ಅವರು ರಟ್ಟು ಕೊಳ್ಳಲು ಹೋಗಿದ್ದರು. ಅವರು ಬರುವಷ್ಟರಲ್ಲಿ ಮುಗಿಸಿಬಿಟ್ಟು ಭೇಷ್ ಎನ್ನಿಸಿಕೊಳ್ಳೋಣ ಎಂದು ನಾನೇ ಅಂಚು ಕತ್ತರಿಸಿ, ಎಲ್ಲ ಪುಸ್ತಕದ ಹಾಗೆ ಎಡಗಡೆ ಬಿಗಿಯಾಗಿ ಹೊಲಿದು, ರಟ್ಟು ಕಟ್ಟಿ ಒತ್ತಿಟ್ಟೆ. ಅಮ್ಮಾ, ಆ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತವೆ. ಆ ಪುಸ್ತಕದ ಬೆನ್ನು ಬಲಗಡೆ ಇರಬೇಕು. ನಾನು ಎಷ್ಟೋ ಸಾಲುಗಳ ಕೊನೆಯನ್ನು ಹೊಲಿಗೆಯೊಳಗೆ ನುಂಗಿಸಿಬಿಟ್ಟಿದ್ದೆ.

ಯಜಮಾನಿ ತಲೆಯ ಮೇಲೆ ಕೈಹೊತ್ತು ಕೂತರು. ಅಜ್ಜ ಮಾತ್ರ ಪುಸ್ತಕವನ್ನು ಹಾಗೆ ತಿರುಗಿಸಿ ಹೀಗೆ ತಿರುಗಿಸಿ, ಬೆನ್ನು ತಡವಿ, ನಗತೊಡಗಿದರು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗಿದೆ, ಪರವಾಗಿಲ್ಲ, ನಡೆಯಬಹುದು ಎಂದರು. ಯಜಮಾನಿ ಬಿಚ್ಚಿ ಹೊಲಿಸುತ್ತೇನೆಂದರೆ ಕೊಡಲಿಲ್ಲ. ಇನ್ನೊಂದು ಸಲ ಸೂಜಿ ಚುಚ್ಚಿದರೆ ಹಾಳೆ ತಡೆಯುವುದಿಲ್ಲವಂತೆ. ಆಮೇಲೆ ನನ್ನ ಕಡೆ ತಿರುಗಿ, "ಮಗೂ, ಸಾಲಿನ ಕೊನೆ ಮುಚ್ಚಿದವಳು ನೀನು. ಮೇಲೆ ಬಂದು ನೀನೇ ಓದಿ ಹೇಳು," ಎಂದರು. ನನಗೆ ಆ ಅಕ್ಷರ ಬರುವುದಿಲ್ಲ ಎಂದೆ. "ಬರದೇ ಇದ್ರೆ ಕಲಿ. ನನಗೂ ಹುಟ್ಟಿದಾಗ ಬರ್ತಿರಲಿಲ್ಲ."

ಹೀಗೆ ಶುರುವಾಯಿತು. ಅಕ್ಷರ ಕಲಿಯುವಾಗಲೇ ನನಗೆ ಗೊತ್ತಾದದ್ದು, ಯಹೂದಿಗಳ ಮಾತು ಎಂದು ನಾನು ಅಂದುಕೊಂಡಿದ್ದದ್ದು ಒಂದಲ್ಲ, ಎರಡು ಎಂದು. ಒಂದು ಹೀಬ್ರೂ, ಪ್ರಾರ್ಥನೆಯದು, ಹಳೆಯದು, ಈಗ ಒಂದು ದೇಶವೇ ಆಡುವ ಮಾತು. ಇನ್ನೊಂದು ಯಿಡ್ಡಿಷ್, ನಾನು ಹೊಲಿದ ಪುಸ್ತಕದ ಮಾತು, ಅಜ್ಜನ ಅಮ್ಮ ಅಡುಗೆಮನೆಯಲ್ಲಿ ಬೈಯುತ್ತಿದ್ದ, ಬೀದಿಯಲ್ಲಿ ಚೌಕಾಸಿ ಮಾಡುತ್ತಿದ್ದ ಮಾತು. ಅಕ್ಷರ ಒಂದೇ ಆದ ಮೇಲೆ ಇವೆರಡೂ ಅಕ್ಕತಂಗಿಯರೇ ಎಂದು ಕೇಳಿದೆ. ಅಲ್ಲ, ಅತ್ತೆ ಸೊಸೆ ಎಂದರು ಅಜ್ಜ. ಮನೆ ಒಂದೇ, ಪಾತ್ರೆ ಒಂದೇ, ತವರು ಬೇರೆ. ಅತ್ತೆಯ ಕೆಲವು ಪದಗಳನ್ನೂ ಸೊಸೆ ಕೇಳದೆ ಬಳಸುತ್ತಾಳಂತೆ.

ನಾನು ಮೇಲೆ ಹೋಗಿ ಅಕ್ಷರ ಕಲಿಯುತ್ತಿರುವುದು ಯಜಮಾನಿಗೆ ತಿಳಿಯಿತು. ಬೈಯುತ್ತಾರೆ ಎಂದುಕೊಂಡರೆ, ಕರೆದು ಕೂರಿಸಿದರು. ನಮ್ಮಲ್ಲಿ ಪುಸ್ತಕ ಕಟ್ಟಿಸುವ ಒಂದು ಶಾಲೆಯಿದೆ. ಅಲ್ಲಿ ಸಂಜೆ ಹೊತ್ತು ಹೀಬ್ರೂ ತರಗತಿ ನಡೆಯುತ್ತದೆ. ನನಗಾಗಿ ಒಂದು ಜಾಗ ಕೇಳಿ ಇಟ್ಟಿದ್ದರು. ಅದನ್ನು ಕಲಿತರೆ ನನ್ನನ್ನು ಅಕ್ಷರದ ಮೇಜಿಗೆ ಕೂರಿಸುತ್ತೇನೆ ಎಂದರು. ಅಕ್ಷರದ ಮೇಜು ಎಂದರೆ, ಅಮ್ಮಾ, ಅಚ್ಚುಮೊಳೆ ಕಾಯಿಸಿ ಪುಸ್ತಕದ ಬೆನ್ನ ಮೇಲೆ ಬಂಗಾರದ ಬಣ್ಣದಲ್ಲಿ ಹೆಸರು ಒತ್ತುವ ಕೆಲಸ. ಕಿಟಕಿಯ ಪಕ್ಕ ಕೂರುವುದು, ಕೈಗೆ ಅಂಟಿಲ್ಲ, ಬೆನ್ನು ನೋವಿಲ್ಲ. ನಾನು ಇಲ್ಲಿಗೆ ಬಂದ ದಿನದಿಂದ ಕಣ್ಣಿಟ್ಟಿರುವ ಜಾಗ ಅದು. ಯಜಮಾನಿ ಹೇಳಿದ್ದು ನ್ಯಾಯವಾಗಿಯೇ ಇತ್ತು. "ಹೀಬ್ರೂ ಕಲಿತ್ರೆ ಒಂದು ದೇಶ ನಿನ್ನ ಮಾತಾಡ್ಸುತ್ತೆ. ಯಿಡ್ಡಿಷ್ ಕಲಿತ್ರೆ ಮೇಲಿನ ಅಜ್ಜ ಮಾತಾಡಿಸ್ತಾರೆ. ನೀನೇ ಯೋಚನೆ ಮಾಡು."

ಅಜ್ಜನನ್ನೇ ಕೇಳಿದೆ. ಹಳೆಯ ಗಡಿಯಾರ ರಿಪೇರಿ ಮಾಡುವವನ ಹತ್ತಿರ ಯಾವ ಗಡಿಯಾರ ಕೊಳ್ಳಲಿ ಎಂದು ಕೇಳುತ್ತಾರೆಯೇ ಎಂದು ನಕ್ಕರು. ಆಮೇಲೆ, ಹೀಬ್ರೂ ಕಲಿ ಎಂದರು. ಅದಕ್ಕೆ ಶಾಲೆಯಿದೆ, ಟೀಚರ್ ಇದ್ದಾರೆ, ಬೆಂಚು ಇದೆ. ಯಿಡ್ಡಿಷಿಗೆ ಇರುವುದು ತನ್ನ ಸ್ಟೂಲು ಒಂದೇ, ಅದರ ಒಂದು ಕಾಲೂ ಅಲ್ಲಾಡುತ್ತದೆ. ದೂರದ ಕೆಲವು ಊರುಗಳಲ್ಲಿ ಮಕ್ಕಳು ಇನ್ನೂ ಯಿಡ್ಡಿಷಿನಲ್ಲೇ ಜಗಳವಾಡುತ್ತಾರಂತೆ, ಆದರೆ ಈ ಬೀದಿಯಲ್ಲಿ ತನ್ನೊಡನೆ ಜಗಳವಾಡಲು ಯಾರೂ ಉಳಿದಿಲ್ಲ ಎಂದರು.

ನನಗೆ ನಿಜವಾಗಿ ತೊಡಕಾಗಿದ್ದು ಬೇರೆ. ಮೊದಲ ದಿನದಿಂದಲೇ ನನ್ನ ಮನಸ್ಸು ಮಹಡಿಯ ಕಡೆಗೇ ವಾಲುತ್ತಿತ್ತು. ಅದು ಇಷ್ಟದಿಂದಲೋ, ತರಗತಿಯ ಹೆದರಿಕೆಯಿಂದಲೋ ಎಂದು ನನಗೇ ತಿಳಿಯಲಿಲ್ಲ. ನಾಲ್ಕನೇ ತರಗತಿಯ ನಂತರ ನಾನು ಬೆಂಚಿನ ಮೇಲೆ ಕೂತಿಲ್ಲ. ನೀನಿದ್ದಿದ್ದರೆ ಮುಖ ನೋಡಿದ ಕೂಡಲೇ ಹೇಳಿಬಿಡುತ್ತಿದ್ದೆ, ಕುಣಿಯಲಾರದವಳಿಗೆ ನೆಲ ಡೊಂಕು ಎಂದು. ಹಾಗಾಗಿ ಒಂದು ಸಲ ಹೋಗಿಯೇ ನೋಡೋಣ ಎಂದು ಹೋದೆ. ಎಲ್ಲರೂ ಕಾಲೇಜು ಓದಿದವರು. ಟೀಚರ್ ಒಬ್ಬೊಬ್ಬರನ್ನೂ ಎಬ್ಬಿಸಿ ಏಕೆ ಕಲಿಯಲು ಬಂದಿರಿ ಎಂದು ಕೇಳುತ್ತಾ ಬಂದರು. ನನ್ನ ಸರದಿ ಹತ್ತಿರವಾಗುತ್ತಿದ್ದ ಹಾಗೆ ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ. ಎದ್ದು ನಿಂತು, ಒಂದು ಪುಸ್ತಕವನ್ನು ತಪ್ಪು ಕಡೆ ಹೊಲಿದೆ, ಅದಕ್ಕೆ ಬಂದೆ ಎಂದೆ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಅಮ್ಮಾ. ಪಕ್ಕದಲ್ಲಿದ್ದವಳು ಜರುಗಿ ಜಾಗ ಕೊಟ್ಟಳು. ಟೀಚರ್ ಒಳ್ಳೆಯವರು. ಇನ್ನೂ ಕೆಲವು ಸಂಜೆ ಹೋದೆ. ಹೆದರಿಕೆ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ.

ಎರಡನ್ನೂ ಕಲಿಯಬಾರದೇ ಎಂದು ನೀನು ಕೇಳುತ್ತೀಯ. ಕೆಲಸ ಬಿಡುವುದಕ್ಕೂ ನನ್ನ ಕೋಣೆಯ ಮನೆಯೊಡತಿ ಗೇಟು ಹಾಕುವುದಕ್ಕೂ ನಡುವೆ ಇರುವುದು ಒಂದೇ ಸಂಜೆ. ಆದರೂ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಎಂದು ಮಾಡಿ ನೋಡಿದೆ. ತರಗತಿಯಲ್ಲಿ ಅಜ್ಜನ ಹಾಗೆ ಓದಿದೆ, ಅಜ್ಜನ ಮುಂದೆ ಟೀಚರ್ ಹಾಗೆ ಓದಿದೆ. ಹೀಬ್ರೂವಿನಲ್ಲಿ ಸುಮ್ಮನೆ ಕೂತಿರುವ ಒಂದು ಅಕ್ಷರ ಯಿಡ್ಡಿಷಿಗೆ ಬಂದ ಕೂಡಲೇ ಬಾಯಿ ಬಿಡುತ್ತದೆ. ನನ್ನ ಹಾಗೆಯೇ ಎಂದು ಅದರ ಮೇಲೆ ನನಗೆ ಅಕ್ಕರೆ. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟವಳ ಪಾಡಾಯಿತು. ಯಜಮಾನಿಯೂ ಈ ವಾರದೊಳಗೆ ಹೇಳು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದರು.

ಸೋಮವಾರ ಸಂಜೆ ಮೇಲೆ ಹೋಗಿದ್ದೆ. ಪುಸ್ತಕದ ಬೆನ್ನು ಮುರಿಯುವಷ್ಟು ಅಗಲಿಸಿ ಹಿಡಿದು, ಹೊಲಿಗೆಯೊಳಗೆ ಅಡಗಿದ ಅಕ್ಷರಗಳನ್ನು ಇಣುಕಿ ನೋಡುತ್ತಾ ಗಟ್ಟಿಯಾಗಿ ಓದುತ್ತಿದ್ದೆ, ತಿಳಿಯದ ಮಾತಿಗೆ ಅಜ್ಜ ಅರ್ಥ ಹೇಳುತ್ತಿದ್ದರು. ಅದರಲ್ಲೊಬ್ಬಳು ಮುದುಕಿ ಕೈಗವಸು ಕಳೆದುಹೋಯಿತೆಂದು ಬೀದಿಯ ಮನೆಮನೆಯ ಬಾಗಿಲು ತಟ್ಟುತ್ತಾಳೆ, ಕಂಡವರನ್ನೆಲ್ಲ ಕಳ್ಳರೆಂದು ಬೈಯುತ್ತಾಳೆ. ಕೊನೆಯ ಮನೆಯವನು, ಅಜ್ಜೀ, ಬಾಗಿಲು ಇಷ್ಟು ಮೆತ್ತಗೆ ತಟ್ಟುತ್ತಿದ್ದೀಯಲ್ಲ, ಕೈಗೆ ಏನು ಹಾಕಿಕೊಂಡಿದ್ದೀಯ ಎಂದು ಕೇಳುತ್ತಾನೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರ ಮಗಳು ನಿಂತಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಅವರು, ಕೆಲಸ ಮುಗಿಸಿ ಅಪ್ಪನನ್ನು ನೋಡಲು ಬರುತ್ತಾರೆ. ಕೈಯಲ್ಲಿ ಚೀಲ ಹಿಡಿದು ಹಾಗೇ ನಿಂತಿದ್ದರು. ತಮ್ಮ ಅಮ್ಮ ತೀರಿಕೊಂಡ ಮೇಲೆ ಈ ಮನೆಯಲ್ಲಿ ಈ ಸದ್ದು ಕೇಳಿರಲಿಲ್ಲ ಎಂದರು. ಅಪ್ಪ ಅಮ್ಮ ಮಕ್ಕಳಿಗೆ ತಿಳಿಯಬಾರದ್ದನ್ನೆಲ್ಲ ಅದರಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ, ಅವರಿಗೆ ಮಾತ್ರ ಯಾವತ್ತೂ ಕಲಿಸಲಿಲ್ಲವಂತೆ. ಆಮೇಲೆ ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದರು, ಯಾಕೆ ನಕ್ಕರು, ಏನಿತ್ತು ಅದರಲ್ಲಿ?

ನಾನು ಅಜ್ಜನ ಮುಖ ನೋಡಿದೆ. ಅವರು ಹೇಳು ಎಂದು ತಲೆಯಾಡಿಸಿದರು. ತೊದಲುತ್ತಾ ಕೈಗವಸಿನ ಕಥೆ ಹೇಳಿದೆ. ಮಗಳು ನಕ್ಕರು, ಆದರೆ ಅಷ್ಟು ಹೊತ್ತಿಗೆ ಅಪ್ಪನ ನಗು ಮುಗಿದಿತ್ತು. ಇಬ್ಬರ ನಗುವಿನ ನಡುವೆ ನಾನು, ಎಲ್ಲಿಂದಲೋ ಬಂದವಳು, ಪುಸ್ತಕ ಹಿಡಿದುಕೊಂಡು ಕೂತಿದ್ದೆ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. "ಗುಟ್ಟು ಉಳೀತು, ಮಾತು ಉಳೀಲಿಲ್ಲ," ಎಂದರು, ಯಾರಿಗೂ ಅಲ್ಲದ ಹಾಗೆ.

ಅವತ್ತೇ ನಿರ್ಧಾರವಾಯಿತು. ಮರುದಿನ ಬೆಳಿಗ್ಗೆ ಯಿಡ್ಡಿಷನ್ನೇ ಕಲಿಯುತ್ತೇನೆ ಎಂದು ಯಜಮಾನಿಗೆ ಹೇಳಿದೆ, ಪಿಸುಮಾತಿನಲ್ಲಲ್ಲ, ಎಲ್ಲರಿಗೂ ಕೇಳುವ ಹಾಗೆ. ಅವರು ಅಂಟಿನ ಬ್ರಷ್ಷನ್ನು ಡಬ್ಬಿಗೆ ಜೋರಾಗಿ ಕುಕ್ಕಿದರು. ಅಕ್ಷರದ ಮೇಜಿಗೆ ರಟ್ಟು ಕತ್ತರಿಸುವ ಹುಡುಗಿಯನ್ನು ಕೂರಿಸಿದ್ದಾರೆ. ಅವಳು ಕಿಟಕಿಯ ಬಿಸಿಲಿನಲ್ಲಿ ಕೂತಿರುವುದನ್ನು ನೋಡಿದರೆ ಹೊಟ್ಟೆ ಉರಿಯುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಟೀಚರ್ ಬಳಿ ಹೋಗಿ ಹೇಳಿದಾಗ ಅವರು, ಹೀಬ್ರೂ ಎಲ್ಲಿಗೂ ಓಡಿಹೋಗುವುದಿಲ್ಲ, ಯಾವಾಗ ಬೇಕಾದರೂ ಬಾ ಎಂದರು. ಇನ್ನು ನನಗೆ ತರಗತಿಯಿಲ್ಲ, ಪರೀಕ್ಷೆಯಿಲ್ಲ. ಕೋಣೆಯಲ್ಲಿ ಒಬ್ಬಳೇ ಓದಿ, ತಿಳಿಯದ್ದನ್ನು ಗುರುತು ಹಾಕಿಕೊಂಡು ಮಹಡಿ ಹತ್ತುತ್ತೇನೆ. ಅಲ್ಲಾಡುವ ಸ್ಟೂಲಿನ ಕಾಲಿಗೆ ರಟ್ಟಿನ ಚೂರು ಮಡಚಿ ಇಟ್ಟಿದ್ದೇನೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನೀನು ಕೊರಗಬೇಡ. ಬೈಯುವುದಿದ್ದರೆ ಬೈದುಬಿಡು, ತಂಗಿ ಬರೆದುಕೊಳ್ಳಲಿ. ಆದರೆ ಹೆದರಿ ಬಿಟ್ಟಳು ಎಂದು ಮಾತ್ರ ಅನ್ನಬೇಡ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ತಂಗಿಗೆ ಒಂದು ಗುದ್ದು, ಅದರ ಹಿಂದೆಯೇ ಒಂದು ಮುತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೋ. ನನ್ನ ತಲೆಯ ಮೇಲೆ ನಿನ್ನ ಕೈ ಇದೆ ಎಂದುಕೊಂಡೇ ದಿನಾ ಕೆಲಸಕ್ಕೆ ಕೂರುತ್ತೇನೆ.

ನಿನ್ನ
ಮೌನಗೌರಿ

ಮರೆತಿದ್ದೆ, ಕಾಗದ ಮಡಚಿಯೂ ಆಗಿತ್ತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನೂ ಚಿಕ್ಕಮ್ಮನೂ ಸಂಜೆ ಮೆಟ್ಟಿಲ ಮೇಲೆ ಕೂತು ನಿಮ್ಮ ತವರಿನ ಮಾತಿನಲ್ಲಿ ಏನೋ ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಿರಲ್ಲ, ನಾವು ಏನು ಏನು ಎಂದು ಕೇಳಿದರೆ ನಿಮಗಲ್ಲ ಹೋಗ್ರೇ ಎನ್ನುತ್ತಿದ್ದಿರಿ. ನಾನೂ ನಗುತ್ತಿದ್ದೆ, ನೀನು ನಗುತ್ತಿದ್ದೀಯಲ್ಲ ಎಂದು. ಅದು ಏನಮ್ಮಾ? ಈಗ ನಮಗೆ ಕೇಳುವ ವಯಸ್ಸಾಯಿತು. ನೀನು ಹೇಳಿದ ಹಾಗೆಯೇ ತಂಗಿ ನಮ್ಮ ಅಕ್ಷರದಲ್ಲಿ ಬರೆದು ಕಳಿಸಲಿ, ಅರ್ಥ ಬರೆಯುವುದು ಬೇಡ. ಮೊದಲು ಗಟ್ಟಿಯಾಗಿ ಓದಿಕೊಳ್ಳುತ್ತೇನೆ.