ಐಸಿನಲ್ಲಿಟ್ಟ ನವರಂಗಗಳು

ಪುತ್ತಿಗೆ, ಬುಧವಾರ

ಪ್ರೀತಿಯ ಶುಭಶ್ರೀ ಅಕ್ಕ,

ನಾನು ತೃಷಾ, ನಮ್ಮ ಹಕ್ಕಿ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಪ್ರತಿ ಮೆಸೇಜಿಗೂ ಮೊದಲು ಹಾರ್ಟ್ ಹಾಕುವವಳು. ಅಶೋಕ ಮಾವ ನನ್ನ ಮೊಬೈಲನ್ನು ಕಲ್ಲಿಗೆ ಹೊಡೆದು ಪುಡಿ ಮಾಡಿದ್ದಾರೆ. ಹಾಗಾಗಿ ಬಸ್ಸಿನ ಕಂಡಕ್ಟರ್ ಜಿತೇಶಣ್ಣನ ಕೈಯಲ್ಲಿ ಈ ಪತ್ರ ಕಳಿಸ್ತಾ ಇದ್ದೇನೆ.

ಹೋದ ವಾರ ಮಾವ ಕೋಳಿ ಅಂಕದಲ್ಲಿ ಕಾದಾಡಿಸುವ ಹುಂಜ ಎರಡು ದಿನ ತೂಕಡಿಸಿ ಸತ್ತಿತು. ವಲಸೆ ಹಕ್ಕಿಗಳ ರಕ್ತದಲ್ಲಿ ಹೆಚ್ಚು ಬಗೆಯ ಪರಾವಲಂಬಿಗಳು ಇರ್ತವೆ ಅಂತ ನೀವು ಗ್ರೂಪಿನಲ್ಲಿ ಬರೆದದ್ದನ್ನು ನಾನು ಮಾವನಿಗೆ ಓದಿ ಹೇಳಿದೆ. ಸೋಂಕು ಜಾಸ್ತಿ ಇದ್ದವು ದಾರಿಯಲ್ಲೇ ಬಿದ್ದು ಸಾಯ್ತವೆ, ಕೋಳಿಗೆ ಅಂಟುವುದು ಅಪರೂಪ ಅಂತ ಕೆಳಗೆ ಇತ್ತು. ಅದನ್ನು ಓದಲಿಲ್ಲ. ಮಾವ ಮೊದಲ ಸಲ ನನ್ನ ಮಾತು ಕೇಳ್ತಾ ಇದ್ದರು ಅಕ್ಕ, ನನಗೆ ಜಂಬ ಬಂತು.

"ಹಾಗಾದ್ರೆ ಈ ಹಿಮಾಲಯದ ಬೇವರ್ಸಿಗಳೇ ಕೊಂದದ್ದು ಮಾರಾಯ್ತಿ" ಅಂದರು. ಹಾಡಿಯ ಮರಗಳ ನಡುವೆ ಬಲೆ ಕಟ್ಟಿ, ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುವ ನವರಂಗ ಹಕ್ಕಿ ಏಳು ಹಿಡಿದರು. ಆರನ್ನು ದೊಣ್ಣೆಯಿಂದ ಜಜ್ಜಿದರು. ಏಳನೆಯದನ್ನು ಅಂಕದಲ್ಲಿ ಹುಂಜದ ಕಾಲಿಗೆ ಕಟ್ಟುವ ಬಾಳು ಕತ್ತಿಯಿಂದ ಜೀವಂತ ಸೀಳಿದರು. ತಡೆಯಲು ಹೋದ ನನಗೂ ಹೊಡೆದರು, ತುಟಿಗೆ ಮೂರು ಹೊಲಿಗೆ ಬಿದ್ದಿದೆ; ಮೊಬೈಲ್ ಪುಡಿಯಾದದ್ದೂ ಆಗಲೇ.

ಆದಿತ್ಯವಾರ ಇನ್ನೂ ಹತ್ತು ಜನ ಬಲೆ ಹಿಡ್ಕೊಂಡು ಬರ್ತಾರಂತೆ. ಅದರ ಮೊದಲು ನೀವೊಮ್ಮೆ ಬನ್ನಿ. ನಿಮ್ಮಂಥ ಕಾಲೇಜಿನ ಟೀಚರ್ ಅಂದರೆ ಮಾವ ಎದ್ದು ನಿಲ್ತಾರೆ. ಸತ್ತ ಹಕ್ಕಿಗಳನ್ನು ಮನೆಯ ಮೀನಿನ ಪೆಟ್ಟಿಗೆಯಲ್ಲಿ, ಮೀನಿನ ಅಡಿಯ ಐಸಿನಲ್ಲಿ ಇಟ್ಟಿದ್ದೇನೆ, ರಕ್ತ ಪರೀಕ್ಷೆ ಮಾಡಿ. ಏನೂ ಇಲ್ಲದಿದ್ದರೆ ಎಲ್ಲರ ಎದುರು ಜೋರಾಗಿ ಹೇಳಿ. ಏನಾದರೂ ಉಂಟು ಅಂತಾದರೆ ನನಗೆ ಮಾತ್ರ ಹೇಳಿ.

ನಿಮ್ಮ ದಾರಿ ನೋಡ್ತಾ ಇರುವ,
ತೃಷಾ