ದಾಳ ಬೇಡದ ವಿದ್ಯೆ

೧೪ ಜೂನ್ ೨೦೨೫, ಶನಿವಾರ. ಕ್ಲೈಡ್ ನಾರ್ತ್.

ಸಿಡ್ನಿಯಿಂದ ಅಕ್ಕನ ಮಗ ಸುಘೋಷ್ ಫೋನ್ ಮಾಡಿದಾಗಿನಿಂದ ಊಟ ರುಚಿಸಿಲ್ಲ.

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಆಡುವ ನಮ್ಮ ಕಥೆಯಾಟಕ್ಕೆ, ಪಾತ್ರಗಳ ವಿದ್ಯೆಗಳಿಗೆ ನಾನೇ ಕಟ್ಟಿದ ನಿಯಮಗಳನ್ನೆಲ್ಲ ಸೇರಿಸಿ, ಹೋದ ವಾರ ಅವನ ಗುಂಪಿಗೆ ಕಳಿಸಿದ್ದೆ. ಅದರಲ್ಲಿ ನನ್ನ ಹೆಮ್ಮೆ ‘ಮಾತಿನ ಮೋಡಿ’. ಕೋಟೆಯ ಕಾವಲುಗಾರನನ್ನು ಒಪ್ಪಿಸಲು ದಾಳ ಉರುಳಿಸುವಂತಿಲ್ಲ, ಆಡುವವರೇ ಬಾಯಿಬಿಟ್ಟು ಮಾತಾಡಿ ಒಪ್ಪಿಸಬೇಕು. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನ ತಲೆ ನೋಡಿ ಎಂದು ಇಲ್ಲಿ ಎಲ್ಲರ ಮುಂದೆ ಮೀಸೆ ತಿರುವಿದ್ದೆ. ನನ್ನ ಮಾತಿಗೆ ಎಂಥ ಕಾವಲುಗಾರನೂ ಬಾಗಿಲು ತೆಗೆಯುತ್ತಾನೆ.

“ಮಾಮ, ರೂಲ್ ಸೂಪರ್ ಅಂದ್ರು ಎಲ್ರೂ. ಆದ್ರೆ ನಮ್ಮ ಗುಂಪಿನ ಇಂಚರಾ ಇನ್ಮೇಲೆ ಆಟಕ್ಕೆ ಬರಲ್ವಂತೆ.”

“ಯಾಕೋ, ಸೋತ್ಲಾ?”

“ಅವಳಿಗೆ ಉಗ್ಗು ಮಾಮ, ಮಾತು ತಡೆಯುತ್ತೆ. ಇಷ್ಟು ದಿನ ಅವಳ ರಾಣಿ ಪರವಾಗಿ ದಾಳ ಮಾತಾಡ್ತಿತ್ತು. ಇವತ್ತು ಮೊದಲನೇ ಪದದಲ್ಲೇ ನಿಂತುಬಿಟ್ಲು. ಎಲ್ರೂ ಕಾಯ್ತಾ ಕೂತ್ವಿ.”

ಆ ಕಾಯುತ್ತಿದ್ದ ಮುಖಗಳೇ ಕಣ್ಣಿಗೆ ಕಟ್ಟುತ್ತಿವೆ. ಅಲ್ಲೊಂದು ಕಡೆಯಾದರೂ ಆ ಹುಡುಗಿ ರಾಣಿಯಾಗಿದ್ದಳು. ನನ್ನಂಥ ಬಾಯಿಬಡುಕನಿಗೆ ಮಾತ್ರ ಹೊಂದುವ ನಿಯಮ ಕಟ್ಟಿ, ಅದನ್ನೂ ಕಸಿದುಕೊಂಡೆ.

ಅವಳಿಗೆ ನಾಲ್ಕು ಸಾಲು ಬರೆಯೋಣವೆಂದು ಕೂತೆ. ‘ನಿಯಮವೇನೋ ಚೆನ್ನಾಗಿಯೇ ಇದೆ, ಆದರೆ’ ಎಂದು ಶುರುಮಾಡಿ ನಾಚಿಕೆಯಾಗಿ ಅಳಿಸಿದೆ. ಇಷ್ಟೆಲ್ಲ ಮಾತಾಡುವ ನನಗೆ ಮೊದಲನೇ ಪದವೇ…